ಬೇರೆ ಥರದ ಛಾವಣಿ

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಪಕ್ಕದ ಮನೆಯ ಸೆಲ್ಮರ್ ಬ್ರೆಕ್ಕೆ ಬೇಲಿಯ ಹತ್ತಿರ ಬಂದು ನಿಂತ. ಬೇಲಿಯ ಈಚೆ ವೆಂಡೆಲ್ ಸ್ಕೋಗ್ ಉದುರಿದ ಎಲೆ ಬಾಚುತ್ತಿದ್ದ. ಸೆಲ್ಮರ್ ಕಾಫಿ ಒಂದು ಗುಟುಕು ಕುಡಿದು ವೆಂಡೆಲ್‌ನ ಮನೆಯ ಕಡೆ ತಲೆಯೆತ್ತಿ ನೋಡಿದ. ಇನ್ನೊಂದು ಗುಟುಕು ಕುಡಿದು ಮತ್ತೆ ನೋಡಿದ. ಆಮೇಲೆ, "ನಿನ್ನ ಛಾವಣಿ ಬೇರೆ ಥರ ಇದೆ ಕಣಯ್ಯ, ಆ ಫರ್ನೇಸಿನ ಹೊಗೆಕೊಳವೆ ಹತ್ತಿರ" ಎಂದ. ಅಷ್ಟು ಹೇಳಿ, ಬಟ್ಟಲಲ್ಲಿ ಉಳಿದ ಕಾಫಿಯನ್ನು ಹುಲ್ಲಿಗೆ ಚೆಲ್ಲಿ, ತನ್ನ ಪಿಕಪ್ ಹತ್ತಿ ಊರಾಚೆ ಹೊರಟುಹೋದ.

ವೆಂಡೆಲ್‌ನ ಕೈಯಲ್ಲಿದ್ದ ಬಾಚುಕೋಲು ಜಾರಿ ಬಿತ್ತು. ಎದೆ ಧಸಕ್ಕೆಂದಿತು.

ಇದರಲ್ಲಿ ಎದೆ ಧಸಕ್ಕೆನ್ನುವಂಥದ್ದೇನಿದೆ ಎಂದು ಕೇಳುವವರು ಯಾರೂ ಮಿನ್ನೆಸೋಟದ ಹ್ಯಾಲ್ವಿಕ್‌ನವರಲ್ಲ ಬಿಡಿ. ನಮ್ಮೂರಿನಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಚೆನ್ನಾಗಿಲ್ಲ ಎನ್ನುವ ಮಾತು ನಮ್ಮ ನಾಲಿಗೆಯ ಮೇಲೆ ಹೊರಳುವುದೇ ಇಲ್ಲ. ಅದರ ಬದಲು "ಬೇರೆ ಥರ ಇದೆ" ಎನ್ನುತ್ತೇವೆ, ನಕ್ಕು ಸುಮ್ಮನಾಗುತ್ತೇವೆ. ಕೇಳಿಸಿಕೊಂಡವರು ಮನೆಗೆ ಹೋಗಿ ಅಳುತ್ತಾರೆ. ವೆಂಡೆಲ್‌ನ ನಾದಿನಿ ಬರ್ನೀಸ್ ಒಮ್ಮೆ ಚರ್ಚಿನ ಊಟಕ್ಕೆ ಆಲೂಗಡ್ಡೆ ಸಲಾಡಿನಲ್ಲಿ ಒಣದ್ರಾಕ್ಷಿ ಹಾಕಿ ತಂದಿದ್ದಳು. ಬಡಿಸಿಕೊಂಡ ನಲವತ್ತು ಜನವೂ "ಬೇರೆ ಥರ ಇದೆ" ಎಂದರು. ಮರುವರ್ಷ ಅವಳು ಅರಿಜೋನಾಕ್ಕೆ ಹೋಗಿ ನೆಲೆಸಿದಳು. ಮೊಣಕಾಲು ನೋವಿಗೆ ಬಿಸಿಲು ಒಳ್ಳೆಯದು ಎಂದು ಕಾರಣ ಹೇಳಿದಳು, ನಾವೂ ಹೌದೌದು ಎಂದೆವು. ಹಿಂದಿನ ಪಾದ್ರಿಯವರು ಕ್ರಿಸ್ಮಸ್ ಪ್ರಾರ್ಥನೆಗೆ ಗಿಟಾರು ನುಡಿಸಿದಾಗಲೂ ಊರು ಇದೇ ಮಾತು ಹೇಳಿತ್ತು. ಈಸ್ಟರ್ ಹಬ್ಬಕ್ಕೆ ಹೊಸ ಪಾದ್ರಿ ಬಂದಿದ್ದರು.

ಇನ್ನು ಸೆಲ್ಮರ್. ಹೊಲ ಮಾರಿ ಊರಿಗೆ ಬಂದು ಕೂತ ಒಂಟಿ ಮನುಷ್ಯ. ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಇದ್ದರೂ ವೆಂಡೆಲ್‌ನ ಮನೆಯ ಬಗ್ಗೆ ಒಂದು ಮಾತು ಆಡಿದವನಲ್ಲ. ಅಂಥವನು ಬೆಳಬೆಳಿಗ್ಗೆ ಬೇಲಿವರೆಗೆ ನಡೆದುಬಂದು ಬೇರೆ ಥರ ಎಂದನೆಂದರೆ ಛಾವಣಿಗೆ ಏನಾಗಿರಬೇಕು.

ವೆಂಡೆಲ್ ಇಷ್ಟು ಹೆದರಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವೊಂದಿತ್ತು. ಅದು ಅವನ ಹೆಂಡತಿ ಆರ್ಡಿಸ್. ಕಳೆದ ಏಪ್ರಿಲ್‌ನಲ್ಲಿ ನೀರಿನ ಕೊಳವೆ ಒಡೆದು, ಊಟಕ್ಕೆ ಕೂತಿದ್ದ ಅವಳ ತಟ್ಟೆಯೊಳಕ್ಕೇ ಮೇಲಿನ ಗಾರೆ ಕಳಚಿ ಬಿದ್ದಿತ್ತು. ಆರ್ಡಿಸ್ ಕೂಗಾಡಲಿಲ್ಲ. ಕೂದಲಿನ ಪುಡಿ ಕೊಡವಿಕೊಂಡು, "ಇನ್ನೊಂದೇ ಒಂದು, ವೆಂಡೆಲ್. ಈ ಮನೇಲಿ ಇನ್ನೊಂದು ಕೆಟ್ಟರೆ ನಾವು ಅರಿಜೋನಾಕ್ಕೆ. ಬರ್ನೀಸ್ ಪಕ್ಕದ ಮನೆ ಖಾಲಿ ಇದೆ" ಎಂದಿದ್ದಳು. ಆ ಹೊತ್ತಿನಲ್ಲಿ ಸೊಂಟದವರೆಗೆ ನೆನೆದು ನಿಂತಿದ್ದ ವೆಂಡೆಲ್ ಆಯ್ತು ಎಂದು ಕೈಮೇಲೆ ಕೈಯಿಟ್ಟು ಒಪ್ಪಿದ್ದ.

ಅಂದಿನಿಂದ ಪಾಪ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಮೂವತ್ತೈದು ವರ್ಷ ನಮ್ಮೂರಿನ ಮನೆಮನೆಗೆ ಟಪಾಲು ಹಂಚಿದವನಿಗೆ ಉಳಿದಿರುವ ಸುಖ ಒಂದೇ. ಡಿಸೆಂಬರಿನಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ತಾನೇ ಕಟ್ಟಿದ ಪುಟ್ಟ ಮರದ ಮೀನ್‌ಮನೆಯನ್ನು ಮಂಜಿನ ಮೇಲೆ ಎಳೆದುಕೊಂಡು ಹೋಗಿ, ಮಂಜುಗಡ್ಡೆಯಲ್ಲಿ ತೂತು ಕೊರೆದು, ಒಲೆ ಹಚ್ಚಿ, ಗಾಳ ಬಿಟ್ಟು ಕೂರುವುದು. ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಅರಿಜೋನಾದಲ್ಲಿ ನೀರು ಗಟ್ಟಿಯಾಗುವುದು ಫ್ರಿಜ್ಜಿನೊಳಗೆ ಮಾತ್ರ. ಅದನ್ನು ನೆನೆದಾಗಲೆಲ್ಲ ಅವನಿಗೆ ಅಳುವೇ ಬರುತ್ತಿತ್ತು. ಹಾಗಾಗಿ ಏಪ್ರಿಲ್‌ನಿಂದ ಈಚೆ ಬಾಗಿಲ ಚಿಲಕ, ಮೆಟ್ಟಿಲ ಹಲಗೆ, ಬಿಸಿನೀರಿನ ನಲ್ಲಿ, ಏನೇ ಕೆಟ್ಟರೂ ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿ ಕಳ್ಳನ ಹಾಗೆ ರಿಪೇರಿ ಮಾಡಿ ಮುಗಿಸುತ್ತಿದ್ದ.

ಇವತ್ತು ಮಂಗಳವಾರ. ಆರ್ಡಿಸ್ ಚರ್ಚಿನ ನೆಲಮಾಳಿಗೆಯಲ್ಲಿ ಉಳಿದ ಹೆಂಗಸರೊಂದಿಗೆ ಕೌದಿ ಹೊಲಿಯಲು ಹೋಗಿದ್ದಳು. ಬರುವುದು ಮಧ್ಯಾಹ್ನ ಮೂರಕ್ಕೆ. ಏಳು ಗಂಟೆ ಸಮಯವಿದೆ ಎಂದು ವೆಂಡೆಲ್ ತನಗೆ ತಾನೇ ಧೈರ್ಯ ಹೇಳಿಕೊಂಡು ಸೆಲ್ಮರ್‌ನ ಅಂಗಳಕ್ಕೆ ಹೋಗಿ ತಿರುಗಿ ನೋಡಿದ.

ಎರಡು ಮನೆಗಳ ನಡುವೆ ಒಂದು ದೊಡ್ಡ ಆಶ್ ಮರವಿತ್ತು. ಹುಳ ಹಿಡಿದಿದೆ ಎಂದು ಊರಿನವರು ಹೋದ ವಾರವಷ್ಟೇ ಕಡಿಸಿದ್ದರು. ಇಷ್ಟು ವರ್ಷ ಮರದ ಮರೆಯಲ್ಲಿದ್ದ ಛಾವಣಿ ಈಗ ಬಟಾಬಯಲಾಗಿತ್ತು. ಡಾಂಬರು ಹಾಳೆ ಹೊದಿಸಿದ, ಕರಿಬೂದು ಬಣ್ಣದ ಛಾವಣಿ. ಅದರ ನಡುವೆ ಎದ್ದುನಿಂತ, ಚಳಿಗೆ ಮನೆ ಬಿಸಿಮಾಡುವ ಫರ್ನೇಸಿನ ಹೊಗೆಕೊಳವೆ, ಅದರ ಬುಡಕ್ಕೆ ಸುತ್ತ ಹೊದಿಸಿದ ತಗಡು. ಆ ತಗಡಿನಿಂದ ಶುರುವಾಗಿ ಕೆಳಗಿನ ಸೂರಿನ ಮಳೆನೀರಿನ ದೋಣಿಯವರೆಗೂ ಒಂದು ಬಿಳಿಚಿದ ಪಟ್ಟೆ. ಮೊಳದಗಲ. ಯಾರೋ ನಾಲಿಗೆ ಚಾಚಿ ಅಣಕಿಸಿದ ಹಾಗಿತ್ತು. ಫರ್ನೇಸು ಹಚ್ಚಿ ಇನ್ನೂ ಐದು ದಿನ. ಐದೇ ದಿನದಲ್ಲಿ ಇಷ್ಟು ದೊಡ್ಡ ಕಲೆ. ಅಯ್ಯೋ ದೇವರೇ, ಕೆಟ್ಟೆ ಎಂದುಕೊಂಡ ವೆಂಡೆಲ್.

ಸೆಲ್ಮರ್‌ನನ್ನೇ ಫೋನು ಮಾಡಿ, ಬೇರೆ ಥರ ಅಂದರೆ ಏನಪ್ಪಾ ನಿನ್ನ ಅರ್ಥ ಎಂದು ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಊರಿನಲ್ಲಿ ಹಾಗೆಲ್ಲ ಕೇಳುವುದಿಲ್ಲ. ಕೇಳಿದರೆ ಆ ಮನುಷ್ಯ ಉತ್ತರ ಹೇಳಬೇಕಾಗುತ್ತದೆ, ಅದು ಇಬ್ಬರಿಗೂ ಮುಜುಗರ.

ಒಂಬತ್ತೂವರೆಗೆ ವೆಂಡೆಲ್ ಹಾರ್ಡ್‌ವೇರ್ ಅಂಗಡಿಯಲ್ಲಿದ್ದ. ಗಲ್ಲಾದ ಹಿಂದೆ ಗೋರ್ಡಿ ಲುಂಡ್ ನಿಂತಿದ್ದ. ಐವತ್ತರ ಗಟ್ಟಿ ಆಳು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೂ ಅವನೇ ಮುಖ್ಯಸ್ಥ. ಊರಿನಲ್ಲಿ ಎರಡು ವರ್ಷದಿಂದ ಎಲ್ಲೂ ಬೆಂಕಿ ಬಿದ್ದಿರಲಿಲ್ಲವಾದ್ದರಿಂದ ಅವನ ಕೈ ತುರಿಸುತ್ತಿತ್ತು. ವೆಂಡೆಲ್ ಮೊಳೆ ನೋಡಿದ, ಹಗ್ಗ ನೋಡಿದ, ಹಕ್ಕಿಕಾಳಿನ ಚೀಲ ಒತ್ತಿ ನೋಡಿದ. ಆಮೇಲೆ ತನ್ನ ಒಬ್ಬ ಗೆಳೆಯನಿದ್ದಾನೆಂದೂ, ಅವನ ಮನೆಯ ಫರ್ನೇಸಿನ ಕೊಳವೆಯ ಕೆಳಗೆ ಛಾವಣಿ ಬೆಳ್ಳಗಾಗಿದೆಯೆಂದೂ, ಅವನು ದೂರದ ಊರಿನವನೆಂದೂ ಹೇಳಿದ.

ಗೋರ್ಡಿ ಗಂಭೀರನಾದ. "ಬೆಳ್ಳಗಾಗಿದ್ಯಾ? ಹಾಗಾದ್ರೆ ಆಸಿಡ್. ಫರ್ನೇಸಿನ ಹೊಗೆ ತಣ್ಣಗಾಗಿ ನೀರಾಗತ್ತೆ, ಆ ನೀರು ಇಳಿದು ಛಾವಣೀನ ಸುಡ್ತಾ ಬರತ್ತೆ. ಛಾವಣಿಗೇ ಹಿಂಗಾದ್ರೆ ಮನೆ ಒಳಗಿರೋರ ಶ್ವಾಸಕೋಶದ ಗತಿ ಏನು ಅಂತ ಯೋಚನೆ ಮಾಡಿ."

ವೆಂಡೆಲ್ ಯೋಚನೆ ಮಾಡಿದ. ಕೂಡಲೇ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು.

"ನಿಮ್ಮ ಗೆಳೆಯನಿಗೆ ತಲೆನೋವಿದ್ಯಾ?"

"ಈಗ ಶುರುವಾಗ್ತಾ ಇದೆ" ಎಂದುಬಿಟ್ಟ ವೆಂಡೆಲ್.

ಗೋರ್ಡಿ ಏನೂ ತಿಳಿಯದವನ ಹಾಗೆ ಮುಖ ಮಾಡಿಕೊಂಡ. ಒಂದು ಗಟ್ಟಿ ಬ್ರಷ್ಷು, ನೀರಿಗೆ ಬೆರೆಸುವ ಒಂದು ಬಾಟಲಿ ಸೋಪು, ಛಾವಣಿಗೆ ಬಳಿಯುವ ಕಪ್ಪು ಡಾಂಬರಿನ ಒಂದು ಬಕೆಟ್ಟು ಕಟ್ಟಿಕೊಟ್ಟ. ನಿಮ್ಮ ಗೆಳೆಯ ಆ ಫರ್ನೇಸನ್ನು ಮುಟ್ಟದೆ ಇದ್ದರೆ ಒಳ್ಳೆಯದು ಎಂದು ಎರಡು ಸಲ ಹೇಳಿದ.

ಹಿಂದಿರುಗುವಾಗ ವೆಂಡೆಲ್ ಬಕೆಟ್ಟನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ನಡೆದ. ಆ ಗಾತ್ರದ ಬಕೆಟ್ಟನ್ನು ಕೋಟಿನೊಳಗೆ ಇಟ್ಟುಕೊಂಡರೆ ನೋಡದವರೂ ತಿರುಗಿ ನೋಡುತ್ತಾರೆ. ಎದುರುಮನೆಯ ಲವಾನ್ ಟೋಫ್ಟಿಯಂತೂ ನೋಡಲೆಂದೇ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡವಳು. ಎಪ್ಪತ್ತೆರಡು ವರ್ಷದ ವಿಧವೆ. ಬೀದಿಯಲ್ಲಿ ಯಾರ ಮನೆಗೆ ಯಾವ ಕಾರು ಬಂತು, ಎಷ್ಟು ಹೊತ್ತು ನಿಂತಿತು ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಹತ್ತೂವರೆಗೆ ವೆಂಡೆಲ್ ಏಣಿ ಹಾಕಿ ಮೇಲೇರಿದ. ಒಂದೇ ಅಂತಸ್ತಿನ ಮನೆ, ಇಳಿಜಾರೂ ಕಡಿಮೆ. ಆದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಹೊಗೆಕೊಳವೆಗೇ ಸುತ್ತಿದ. ಮೊದಲು ತೊಳೆದು ನೋಡೋಣ, ಹೋದರೆ ಹೋಗಲಿ ಎಂದು ಬಿಳಿಪಟ್ಟೆಯ ಮೇಲೆ ಸೋಪಿನ ನೀರು ಸುರಿದು ಉಜ್ಜತೊಡಗಿದ. ಐದು ನಿಮಿಷ ಉಜ್ಜಿದ ಮೇಲೆ ಪಟ್ಟೆ ಇನ್ನಷ್ಟು ಬೆಳ್ಳಗಾಯಿತು. ಅಂಚಿನಲ್ಲಿ ಉಜ್ಜಿದ. ಅಂಚೂ ಬೆಳ್ಳಗಾಯಿತು. ಗಾಬರಿಯಿಂದ ಇನ್ನೂ ಆಚೆ ಉಜ್ಜಿದ. ಬ್ರಷ್ಷು ಹೋದಲ್ಲೆಲ್ಲ ಕಲೆ ಅವನ ಹಿಂದೆಯೇ ಬಂತು.

ವೆಂಡೆಲ್ ಬ್ರಷ್ಷು ಕೈಬಿಟ್ಟು ದಂಗುಬಡಿದು ಕೂತ. ಮೊಳದಗಲವಿದ್ದ ಕಲೆ ಈಗ ಎರಡು ಮಾರಾಗಿತ್ತು. ಬದುಕಿನಲ್ಲಿ ಅವನು ಎಷ್ಟೋ ಕಲೆ ತೊಳೆದಿದ್ದ, ಆದರೆ ತೊಳೆದಷ್ಟೂ ಬೆಳೆಯುವ ಕಲೆಯನ್ನು ಕಂಡಿರಲಿಲ್ಲ.

"ವೆಂಡೆಲ್, ಮೇಲೇನು ಮಾಡ್ತಿದ್ದೀಯೋ?" ಕೆಳಗಿನಿಂದ ಲವಾನ್‌ಳ ದನಿ ಬಂತು. ಕೈಯಲ್ಲಿ ನಿಂಬೆಹುಳಿಯ ಸಿಹಿತುಂಡುಗಳ ತಟ್ಟೆ. ನಮ್ಮೂರಿನಲ್ಲಿ ಮೂಗು ತೂರಿಸಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ.

ಎಲೆ ತೆಗೀತಿದ್ದೀನಿ ಎಂದ ವೆಂಡೆಲ್. ಛಾವಣಿಯ ಮೇಲೆ ಒಂದೂ ಎಲೆಯಿರಲಿಲ್ಲ.

ಲವಾನ್ ಸೆಲ್ಮರ್‌ನ ಅಂಗಳಕ್ಕೆ ಹೋಗಿ ಕತ್ತು ಚಾಚಿದಳು. ತಟ್ಟೆಯನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟಳು. ತಟ್ಟೆ ಕೆಳಗಿಟ್ಟಳೆಂದರೆ ವಿಷಯ ಕೈಮೀರಿದೆ ಎಂದರ್ಥ.

"ಅದೇನೋ ಅದು, ಹರಡ್ತಾ ಇದೆ?"

ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ವೆಂಡೆಲ್ ಸಣ್ಣ ದನಿಯಲ್ಲಿ ಫರ್ನೇಸು, ಹೊಗೆ, ಆಸಿಡ್ ಎಂದೆಲ್ಲ ಹೇಳಿದ. ಆರ್ಡಿಸ್‌ಗೆ ಮಾತ್ರ ಹೇಳಬೇಡ ಎಂದು ಬೇಡಿಕೊಂಡ. ಲವಾನ್ ಆಣೆಯಿಟ್ಟು ಒಪ್ಪಿದಳು. ಆರ್ಡಿಸ್‌ಗೆ ಅವಳು ಹೇಳಲಿಲ್ಲ, ನಿಜ. ಅಗ್ನಿಶಾಮಕ ದಳಕ್ಕೆ ಹೇಳಿದಳು.

ಕೆಂಪು ಗಾಡಿ ಕೂಗುತ್ತ ಬಂದಾಗ ಇನ್ನೂ ಹನ್ನೆರಡಾಗಿರಲಿಲ್ಲ. ಗೋರ್ಡಿ ಶಿರಸ್ತ್ರಾಣ ತೊಟ್ಟು ಕೆಳಗಿಳಿದ. "ಆ ಗೆಳೆಯ ನೀವೇ ಅಂತ ನನಗೆ ಆಗಲೇ ಗೊತ್ತಾಯ್ತು" ಎನ್ನುತ್ತ ಮನೆಯೊಳಗೆ ನುಗ್ಗಿ ಫರ್ನೇಸು ಆರಿಸಿದ. ಇದ್ದಬದ್ದ ಕಿಟಕಿಯನ್ನೆಲ್ಲ ತೆರೆದುಹಾಕಿದ. ಹೊರಗಿನ ಕೊರೆಯುವ ಗಾಳಿ ಒಳಗೆ ನುಗ್ಗಿ, ಆರ್ಡಿಸ್‌ಳ ಅಜ್ಜಿ ನಾರ್ವೆಯಿಂದ ತಂದಿದ್ದ ಬಿಳಿ ಲೇಸಿನ ಪರದೆಗಳು ಕಿಟಕಿಯಾಚೆಗೆ ಹಾರಾಡತೊಡಗಿದವು. ಅವನೂ ಲವಾನ್‌ಳೂ ಸೇರಿ ವೆಂಡೆಲ್‌ನನ್ನು ಛಾವಣಿಯಿಂದ ಇಳಿಸಿ, ಕಂಬಳಿ ಹೊದಿಸಿ, ಹುಲ್ಲಿನ ಮೇಲೆ ಕೂರಿಸಿದರು.

ಆಮೇಲೆ ಶುರುವಾಯಿತು ವಿಷದ ಲೆಕ್ಕಾಚಾರ. ವೆಂಡೆಲ್ ಮೂರು ಭಾನುವಾರದಿಂದ ಉಪದೇಶದ ನಡುವೆ ಗೊರಕೆ ಹೊಡೆದದ್ದನ್ನು ಲವಾನ್ ನೆನಪಿಸಿಕೊಂಡಳು. ಅದು ಹೊಗೆಯ ವಿಷವೇ ಎಂದು ಗೋರ್ಡಿ ತೀರ್ಪು ಕೊಟ್ಟ. ಹೋದ ವಾರ ಆರ್ಡಿಸ್ ಕಾಫಿಗೆ ಸಕ್ಕರೆ ಹಾಕಲು ಮರೆತದ್ದು, ವೆಂಡೆಲ್ ಗಡಿಯಾರಕ್ಕೆ ಕೀಲಿ ಕೊಡಲು ಮರೆತದ್ದು, ಎಲ್ಲವೂ ವಿಷವೇ ಆಯಿತು. ಫರ್ನೇಸು ಹಚ್ಚಿ ಐದೇ ದಿನ, ಗೊರಕೆಗೆ ಮೂರು ವಾರ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

"ನನಗೂ ಮೂರು ದಿನದಿಂದ ತಲೆ ಭಾರ ಕಣಪ್ಪ" ಎಂದಳು ಲವಾನ್.

"ನಿಮ್ಮ ಮನೆ ಇರೋದು ರಸ್ತೆ ಆ ಕಡೆ" ಎಂದ ವೆಂಡೆಲ್.

"ಗಾಳಿ ಬೀಸೋದು ಈ ಕಡೆಯಿಂದ" ಎಂದಳು.

ಗೋರ್ಡಿ ವಿಷಗಾಳಿ ಅಳೆಯುವ ಯಂತ್ರ ಹಿಡಿದು ಮನೆಯೆಲ್ಲ ಸುತ್ತಿ ಬಂದ. ಅದು ಸೊನ್ನೆ ತೋರಿಸುತ್ತಿತ್ತು. ವೆಂಡೆಲ್‌ಗೆ ಹೋದ ಜೀವ ಬಂದಂತಾಯಿತು. ಗೋರ್ಡಿ ತಲೆಯಾಡಿಸಿ, ಕಿಟಕಿಗಳೆಲ್ಲ ತೆರೆದಿವೆಯಲ್ಲ, ಅದಕ್ಕೇ ಸೊನ್ನೆ ಎಂದ. ಹಾಗಾದರೆ ಮುಚ್ಚಿ ನೋಡು ಎಂದ ವೆಂಡೆಲ್. ಮುಚ್ಚಿದರೆ ಅಪಾಯ ಎಂದ ಗೋರ್ಡಿ.

ಗಂಟೆ ಒಂದು ಹೊಡೆಯಿತು. ವೆಂಡೆಲ್ ಕಂಬಳಿ ಬಿಸಾಕಿ ಎದ್ದು ನಿಂತ. ಮೂರು ಗಂಟೆಗೆ ಆರ್ಡಿಸ್ ಬರುತ್ತಾಳೆ ಎಂದ. ಅರಿಜೋನಾ, ಕೆರೆ, ಮೀನ್‌ಮನೆ, ಎಲ್ಲವನ್ನೂ ಬಿಡಿಸಿ ಹೇಳಿದ. ಹ್ಯಾಲ್ವಿಕ್‌ನಲ್ಲಿ ಒಬ್ಬ ಗಂಡಸು ಇಷ್ಟು ಮನಬಿಚ್ಚಿ ಮಾತಾಡಿದ್ದನ್ನು ಅವರಿಬ್ಬರೂ ಕೇಳಿರಲಿಲ್ಲ. ಗೋರ್ಡಿ ಬೂಟು ನೋಡಿಕೊಂಡ. ಲವಾನ್ ಅವನ ಕೈಗೆ ಒಂದು ಸಿಹಿತುಂಡು ಕೊಟ್ಟು ಕಣ್ಣೊರೆಸಿಕೊಂಡಳು.

"ಮುಚ್ಚಿಬಿಡೋಣ. ಡಾಂಬರು ಇದೆಯಲ್ಲ" ಎಂದ ಗೋರ್ಡಿ. "ಫರ್ನೇಸನ್ನ ನಾಳೆ ನಾನೇ ಬಂದು ಬಿಚ್ಚಿ ನೋಡ್ತೀನಿ. ಇವತ್ತು ಕಲೆ ಕಾಣದ ಹಾಗೆ ಮಾಡೋಣ."

ಇಬ್ಬರೂ ಮೇಲೇರಿದರು. ಲವಾನ್ ಕೆಳಗಿನಿಂದ ಎಡಕ್ಕೆ, ಬಲಕ್ಕೆ, ಇನ್ನೂ ಅಲ್ಲಿ ಬೆಳ್ಳಗಿದೆ ಎಂದು ನಿರ್ದೇಶನ ಕೊಟ್ಟಳು. ಮೂಲವನ್ನೇ ಮುಚ್ಚಬೇಕು ಎಂದು ಗೋರ್ಡಿ ಕೊಳವೆಯ ಬುಡದ ತಗಡಿಗೂ ಒಂದಿಷ್ಟೂ ಬಿಡದೆ ಡಾಂಬರು ಮೆತ್ತಿದ. ಎರಡೂ ಕಾಲಿಗೆ ಬಕೆಟ್ಟು ಖಾಲಿಯಾಯಿತು. ಬಿಳಿ ಎನ್ನುವುದು ಛಾವಣಿಯ ಮೇಲೆ ಒಂದು ಬೆರಳಗಲವೂ ಉಳಿಯಲಿಲ್ಲ. ವೆಂಡೆಲ್ ಹುಲ್ಲಿನ ಮೇಲೆ ನಿಂತು ನೋಡಿದ. ಬೆಳಿಗ್ಗೆಯಿಂದ ಮೊದಲ ಸಲ ಅವನಿಗೆ ಉಸಿರು ಸರಾಗವಾಗಿ ಬಂತು.

ಅಷ್ಟಕ್ಕೇ ಸುಮ್ಮನಿದ್ದರೆ ಲವಾನ್ ಲವಾನ್ ಆಗುತ್ತಿರಲಿಲ್ಲ. ದೋಣಿಯ ಪಕ್ಕದಲ್ಲಿ ಸ್ವಲ್ಪ ಜಾಸ್ತಿ ಹೊಳೆಯುತ್ತಿದೆ, ಆರ್ಡಿಸ್‌ಳ ಕಣ್ಣಿಗೆ ಬಿದ್ದೇ ಬೀಳುತ್ತದೆ, ಅಲ್ಲೊಂದು ಹೊಸ ಹಾಳೆ ಹೊದಿಸಿ ಎಂದಳು. ಆಗ ಗೋರ್ಡಿಗೆ ನೆನಪಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ಈ ಛಾವಣಿಗೆ ಹಾಳೆ ಹೊದಿಸಿದಾಗ ಅವನೂ ಕೈಹಾಕಿದ್ದ. ಒಂದು ಕಟ್ಟು ಉಳಿದಿತ್ತು, ಗ್ಯಾರೇಜಿನ ಅಟ್ಟಕ್ಕೆ ಎಸೆದಿದ್ದರು.

ವೆಂಡೆಲ್ ಓಡಿಹೋಗಿ ಅಟ್ಟದಿಂದ ಕಟ್ಟನ್ನು ಎಳೆದು ತಂದ. ಧೂಳು ಕೊಡವಿ, ಸುತ್ತಿದ್ದ ಕಾಗದ ಹರಿದ. ಹರಿದವನು ಹಾಗೇ ನಿಂತುಬಿಟ್ಟ.

ಕಟ್ಟಿನೊಳಗಿನ ಹಾಳೆಗಳು ಬೆಳ್ಳಗಿದ್ದವು. ಪಾರಿವಾಳದ ಎದೆಯ ತಿಳಿಬೂದು.

"ಇದು ನಮ್ಮದಲ್ಲ" ಎಂದ ವೆಂಡೆಲ್.

ಗೋರ್ಡಿ ಕಾಗದದ ಮೇಲಿನ ಬರಹ ಓದಿದ. ಅದರಲ್ಲಿ ವೆಂಡೆಲ್‌ನ ಹೆಸರೂ ಮನೆಯ ನಂಬರೂ ಗೋರ್ಡಿಯದೇ ಕೈಬರಹದಲ್ಲಿದ್ದವು. ಅವನು ಛಾವಣಿ ನೋಡಿದ, ಹಾಳೆ ನೋಡಿದ, ಮತ್ತೆ ಛಾವಣಿ ನೋಡಿದ. "ವೆಂಡೆಲ್" ಎಂದ ಮೆಲ್ಲಗೆ. "ಆ ಬಿಳಿ ಪಟ್ಟೆ ಕಲೆ ಅಲ್ಲ. ಅದು ನಿಮ್ಮ ಛಾವಣಿ. ಉಳಿದದ್ದೆಲ್ಲ ಕಲೆ."

ಮೂವರೂ ತಲೆಯೆತ್ತಿ ಛಾವಣಿ ನೋಡಿದರು. ಇಪ್ಪತ್ತೆರಡು ವರ್ಷ ಮರದ ನೆರಳಿನಲ್ಲಿ ಪಾಚಿ ಹಿಡಿಯುತ್ತ ಹಿಡಿಯುತ್ತ ಇಡೀ ಛಾವಣಿ ಕಪ್ಪಾಗಿತ್ತು. ದಿನಾ ನೋಡುವವರಿಗೆ ಅದೇ ಅದರ ಬಣ್ಣವೆನಿಸಿತ್ತು. ಮನೆಯಲ್ಲಿ ಚೊಕ್ಕಟವಾಗಿ ಉಳಿದಿದ್ದ ಒಂದೇ ಒಂದು ಜಾಗವನ್ನು ಹುಡುಕಿ, ಬೆಳಿಗ್ಗೆಯಿಂದ ಮೈಮುರಿದು ದುಡಿದು, ಅದಕ್ಕೆ ಡಾಂಬರು ಬಳಿದಾಗಿತ್ತು. ವೆಂಡೆಲ್ ತಲೆಯ ಮೇಲೆ ಕೈಹೊತ್ತು ಕಟ್ಟಿನ ಮೇಲೇ ಕುಸಿದು ಕೂತ.

ಆಗ ಸೆಲ್ಮರ್‌ನ ಪಿಕಪ್ ಬಂದು ನಿಂತಿತು. ಹಿಂದಿನ ತೊಟ್ಟಿಯ ತುಂಬ ಥಳಥಳ ಹೊಳೆಯುವ ತಗಡಿನ ಪಟ್ಟಿಗಳು. ಸೆಲ್ಮರ್ ಇಳಿದು ಬೇಲಿಯ ಹತ್ತಿರ ಬಂದ. ಛಾವಣಿಯ ಕಡೆ ನೋಡಿದವನ ಮುಖ ಬಾಡಿತು.

"ಹೋಯ್ತಾ ಅದು?" ಎಂದ.

"ಯಾವುದು?" ಎಂದ ವೆಂಡೆಲ್, ಉಡುಗಿದ ದನಿಯಲ್ಲಿ.

"ಆ ಬೆಳ್ಳಗಿದ್ದ ಜಾಗ. ಎಷ್ಟು ಚೆನ್ನಾಗಿತ್ತು. ಮರ ಕಡಿದ ಮೇಲೆ ಅಡುಗೆಮನೆ ಕಿಟಕೀಲಿ ಅದನ್ನೇ ನೋಡ್ತಾ ಕಾಫಿ ಕುಡೀತಿದ್ದೆ." ಸೆಲ್ಮರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅಷ್ಟು ಮಾತು ಒಟ್ಟಿಗೆ ಆಡಿ ಅಭ್ಯಾಸವಿಲ್ಲದೆ ಅವನಿಗೆ ಬೆವರು ಬಂದಿತ್ತು. "ತಗಡಿನಲ್ಲಿ ಸತು ಇರತ್ತೆ ಕಣಯ್ಯ. ಮಳೆ ಬಿದ್ದಾಗ ಸ್ವಲ್ಪ ಸ್ವಲ್ಪ ಕರಗಿ ಇಳಿಯತ್ತೆ. ಅದು ಇಳಿದ ಕಡೆ ಪಾಚಿ ಹಿಡಿಯಲ್ಲ. ನಮ್ಮ ಹೊಲದ ಕೊಟ್ಟಿಗೇಲೂ ಹಿಂಗೇ ಇತ್ತು. ನನ್ನ ಛಾವಣಿಗೂ ಮಾಡೋಣ ಅಂತ ತಮ್ಮನ ಮನೆಗೆ ಹೋಗಿ ತಗಡು ತಂದೆ. ನಿನ್ನನ್ನೇ ಕೇಳೋಣ ಅಂತ ಬೆಳಿಗ್ಗೆ ಬಂದಿದ್ದೆ. ಸಂಕೋಚ ಆಯ್ತು."

"ನೀನು ಬೇರೆ ಥರ ಇದೆ ಅಂದೆಯಲ್ಲ" ಎಂದ ವೆಂಡೆಲ್.

"ಹೌದು. ಉಳಿದ ಛಾವಣಿಗಿಂತ ಬೇರೆ ಥರ ಇತ್ತಲ್ಲ" ಎಂದ ಸೆಲ್ಮರ್.

ಲವಾನ್‌ಗೆ ನಿಜವಾಗಿಯೂ ತಲೆ ಸುತ್ತಿತು, ಏಣಿ ಹಿಡಿದುಕೊಂಡಳು. ಹ್ಯಾಲ್ವಿಕ್ ಊರು ಹುಟ್ಟಿದಾಗಿನಿಂದ ಬೇರೆ ಥರ ಎಂಬ ಮಾತನ್ನು ಬೇರೆ ಥರ ಎಂಬ ಅರ್ಥದಲ್ಲೇ ಬಳಸಿದ ಮೊದಲ ಮನುಷ್ಯ ಸೆಲ್ಮರ್. ಅದೂ ಹೊಗಳಿಕೆಗೆ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಹೊಗಳಿದ್ದ, ಅದಕ್ಕೆ ವೆಂಡೆಲ್ ಅಗ್ನಿಶಾಮಕ ದಳ ಕರೆಸಿಕೊಂಡು ಕೂತಿದ್ದ.

ಹೋಗಲಿ ಬಿಡಿ, ಛಾವಣಿ ಬೆಳಿಗ್ಗೆ ಎಷ್ಟು ಕಪ್ಪಗಿತ್ತೋ ಈಗಲೂ ಅಷ್ಟೇ ಕಪ್ಪಗಿದೆ, ಆರ್ಡಿಸ್‌ಗೆ ಇದರಲ್ಲಿ ಏನೂ ಗೊತ್ತಾಗುವುದಿಲ್ಲ ಎಂದು ಗೋರ್ಡಿ ಸಮಾಧಾನ ಹೇಳತೊಡಗಿದ. ವೆಂಡೆಲ್‌ಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಬೇಗ ಕಿಟಕಿ ಮುಚ್ಚಿ, ಫರ್ನೇಸು ಹಚ್ಚಿ, ಕೆಂಪು ಗಾಡಿಯನ್ನು ಸಾಗಹಾಕಿದರೆ ಸಾಕು. ಇನ್ನೂ ಹತ್ತು ನಿಮಿಷವಿತ್ತು.

ಅಷ್ಟರಲ್ಲಿ ಟಪ್ ಎಂದು ಸದ್ದಾಯಿತು. ಮತ್ತೊಂದು ಟಪ್.

ವೆಂಡೆಲ್ ಬೆಳಿಗ್ಗೆ ಬಕೆಟ್ಟುಗಟ್ಟಲೆ ಸುರಿದಿದ್ದ ಸೋಪಿನ ನೀರು ಹಾಳೆಗಳ ಸಂದಿಯಲ್ಲಿ ಇನ್ನೂ ಆರಿರಲಿಲ್ಲ. ಒದ್ದೆಯ ಮೇಲೆ ಬಳಿದ ಡಾಂಬರು ಹಿಡಿತ ತಪ್ಪಿ, ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ, ಇಡೀ ಹೊದಿಕೆಯೇ ಕೆಳಕ್ಕೆ ಜಾರುತ್ತಿತ್ತು. ಸೂರಿನ ದೋಣಿ ತುಂಬಿತು. ದೋಣಿಯಿಂದ ಕಪ್ಪು ಧಾರೆ ಬಿಳಿಗೋಡೆಯ ಮೇಲೆ ಇಳಿಯಿತು. ಕೆಳಗೆ ತೆರೆದ ಕಿಟಕಿಯಿಂದ ಲೇಸಿನ ಪರದೆ ಹೊರಗೆ ಹಾರಾಡುತ್ತಿತ್ತು. ಒಂದು ಸಲ ಒಳಗೆ ಹೋಯಿತು, ಒಂದು ಸಲ ಹೊರಗೆ ಬಂತು. ಎರಡನೇ ಸಲ ಹೊರಗೆ ಬಂದಾಗ ಧಾರೆ ಸರಿಯಾಗಿ ಅದರ ಮೇಲೇ ಬಿತ್ತು. ನಾಲ್ವರೂ ಹೌಹಾರಿ ನೋಡುತ್ತ ನಿಂತರು, ಒಬ್ಬರಿಗೂ ಕೈ ಆಡಲಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ಆ ಮನೆಯಲ್ಲಿ ಏನೂ ಕೆಟ್ಟಿರಲಿಲ್ಲ.

ಆರ್ಡಿಸ್‌ಳ ಕಾರು ತಿರುವಿನಲ್ಲಿ ಕಾಣಿಸಿತು. ಕೌದಿಯ ಚೀಲ ಹಿಡಿದು ಇಳಿದವಳು ಅಂಗಳದ ಅಂಚಿನಲ್ಲೇ ನಿಂತಳು. ಕೆಂಪು ಗಾಡಿ ನೋಡಿದಳು. ಹಾ ಎಂದು ತೆರೆದ ಏಳು ಕಿಟಕಿಗಳನ್ನು ನೋಡಿದಳು. ಕೈತುಂಬ ಡಾಂಬರು ಮೆತ್ತಿಕೊಂಡಿದ್ದ ಗಂಡನನ್ನೂ ಗೋರ್ಡಿಯನ್ನೂ, ಹುಲ್ಲಿನ ಮೇಲಿಟ್ಟ ಸಿಹಿತುಂಡುಗಳ ತಟ್ಟೆಯನ್ನೂ ನೋಡಿದಳು. ಅಜ್ಜಿಯ ಪರದೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಕೊನೆಗೆ ತಲೆಯೆತ್ತಿದಳು. ಡಾಂಬರು ಜಾರಿದ ಛಾವಣಿಯ ಮೇಲೆ ಕಪ್ಪು, ಬಿಳಿ, ಬೂದು, ಮೂರೂ ಬಣ್ಣ ಒಂದರಮೇಲೊಂದು ಹರಿಯುತ್ತಿದ್ದವು.

"ಬೇರೆ ಥರ ಇದೆ" ಎಂದಳು ಆರ್ಡಿಸ್, ಮೆಲ್ಲಗೆ, ನಗುನಗುತ್ತಲೇ.

ವೆಂಡೆಲ್ ಇಂಗು ತಿಂದ ಮಂಗನ ಹಾಗೆ ಅವಳ ಮುಖವನ್ನೇ ನೋಡಿದ. ಮನುಷ್ಯನಿಗೆ ಆಸೆ ಎನ್ನುವುದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ ನೋಡಿ. "ಆರ್ಡಿಸ್, ಬೇರೆ ಥರ ಅಂದ್ರೆ, ಸೆಲ್ಮರ್ ಹೇಳೋ ಥರಾನಾ, ಊರವರು ಹೇಳೋ ಥರಾನಾ?" ಎಂದು ಕೇಳಿದ.

ಆರ್ಡಿಸ್ ಚೀಲವನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ಕಿಟಕಿಗಳೆಲ್ಲ ತೆರೆದಿದ್ದರಿಂದ ಫೋನಿನ ಮಾತು ಅಂಗಳಕ್ಕೆ ಸ್ಪಷ್ಟವಾಗಿ ಕೇಳಿಸಿತು. ಬರ್ನೀಸ್, ನಿನ್ನ ಪಕ್ಕದ ಮನೆ ಇನ್ನೂ ಖಾಲಿ ಇದೆಯಾ ಎಂದು ಕೇಳುತ್ತಿದ್ದಳು. ಅಲ್ಲಿ ಫರ್ನೇಸೇ ಬೇಕಾಗುವುದಿಲ್ಲವಂತೆ.

ಗೋರ್ಡಿ ಸದ್ದಿಲ್ಲದೆ ಗಾಡಿ ಹತ್ತಿದ. ಲವಾನ್ ತಟ್ಟೆ ಎತ್ತಿಕೊಂಡಳು. ಸೆಲ್ಮರ್ ಮಾತ್ರ ಬೇಲಿಗೆ ಮೊಣಕೈ ಊರಿ ಇನ್ನೂ ನಿಂತಿದ್ದ. ಟೋಪಿಯನ್ನು ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಏನೋ ಕೇಳಬೇಕಿತ್ತು, ಸಂಕೋಚವಾಗುತ್ತಿತ್ತು. ಬೆಳಿಗ್ಗೆ ಸಂಕೋಚಪಟ್ಟುಕೊಂಡು ಆದ ಅನಾಹುತ ನೋಡಿದ್ದನಲ್ಲ, ಈ ಸಲ ನೇರವಾಗಿಯೇ ಕೇಳಿಬಿಟ್ಟ.

"ಹಂಗಾದ್ರೆ ವೆಂಡೆಲ್, ನಿನ್ನ ಮೀನ್‌ಮನೆ ಯಾರಿಗೆ ಕೊಡ್ತೀಯ?"